ಹತ್ತಡಿ ಮನೆಯಲ್ಲಿ ಅತ್ತೆಯ ಏಳು ತಿಂಗಳು

ಕೊಡಿಗೇಹಳ್ಳಿಯಲ್ಲಿ ನಾವು ಒಂಬತ್ತು ವರ್ಷ ಇದ್ದ ಮನೆಯ ಅಗಲ ಹತ್ತು ಅಡಿ. ಗೋಡೆಗಳ ದಪ್ಪ ಕಳೆದರೆ ಒಳಗೆ ಒಂಬತ್ತು ಅಡಿಯೂ ಸರಿಯಾಗಿ ಸಿಗುತ್ತಿರಲಿಲ್ಲ. ಉದ್ದ ಇಪ್ಪತ್ತು. ಮುಂದೆ ಒಂದು ರೂಮು, ಹಿಂದೆ ಒಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ, ಅದಕ್ಕೆ ಅಂಟಿಕೊಂಡೇ ಬಚ್ಚಲು. ಅಷ್ಟೇ ಮನೆ. ಯಾವುದೋ ಕಾಲದಲ್ಲಿ ಅಣ್ಣತಮ್ಮಂದಿರು ಹಳೇ ಮನೆಯನ್ನು ಪಾಲು ಮಾಡಿಕೊಂಡಾಗ ನಮ್ಮ ಓನರ್ ಚಾಚಿಯ ಗಂಡನಿಗೆ ಬಂದದ್ದು ಆ ಪಟ್ಟಿಯಂಥ ಜಾಗ. ಅದರ ಮೇಲೆ ಕೆಳಗೊಂದು, ಮೇಲೊಂದು ಮನೆ ಕಟ್ಟಿಸಿದ್ದರು. ಗಂಡ ತೀರಿಕೊಂಡ ಮೇಲೆ ಚಾಚಿ ಮೇಲಿನದರಲ್ಲಿ ಒಬ್ಬರೇ ಇದ್ದು ಬ್ಲೌಸ್ ಹೊಲಿಯುತ್ತಿದ್ದರು. ಅವರ ಮಿಷನ್ ನಮ್ಮ ತಲೆಯ ಮೇಲೇ ಓಡುತ್ತಿತ್ತು. ಬೀದಿಯವರೆಲ್ಲ ಚಾಚಿ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ನಮ್ಮದು ವಿಜಯಪುರದ ಕಡೆ. ನಾನು ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮನೆಯವರಿಗೆ ಯಶವಂತಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಎರಡಕ್ಕೂ ನಡುವೆ ಇದೆ ಎಂದು ಆ ಮನೆ ಹಿಡಿದೆವು. ಮಗಳಿಗೆ ಆಗ ನಾಲ್ಕು ವರ್ಷ. ಒಲೆ ಮುಂದೆ ನಿಂತು ಕತ್ತು ತಿರುಗಿಸಿದರೆ ಅವಳು ಎಲ್ಲಿದ್ದಾಳೆ, ಏನು ಬಾಯಿಗೆ ಹಾಕಿಕೊಂಡಳು ಎಲ್ಲ ಕಾಣುತ್ತಿತ್ತು. ಕಸ ಗುಡಿಸಿ ನೆಲ ಒರೆಸುವುದಕ್ಕೆ ಹತ್ತು ನಿಮಿಷ. ಒಂದು ಫ್ಯಾನು ಮೂವರಿಗೂ ಸಾಕು. ಮಂಚದ ಮೇಲೆ ಕೂತೇ ಕೈ ಚಾಚಿದರೆ ಫ್ರಿಜ್ ಬಾಗಿಲು. ಬೇಡದ ಸಾಮಾನು ಕೊಳ್ಳುವ ಆಸೆ ತಾನಾಗಿಯೇ ಹೋಯಿತು, ಇಡಲು ಜಾಗವೇ ಇಲ್ಲದ ಮೇಲೆ ಅಂಗಡಿಯಲ್ಲಿ ನಿಂತು ನೋಡುವುದೂ ವ್ಯರ್ಥ. ಆ ಮನೆ ಚಿಕ್ಕದು ಎಂದು ನನಗೆ ಮೊದಲ ಐದಾರು ವರ್ಷ ಅನ್ನಿಸಿದ್ದು ಮಳೆಗಾಲದಲ್ಲಿ ಮಾತ್ರ. ಒದ್ದೆ ಬಟ್ಟೆ ತಲೆಯ ಮೇಲೆ ತೂಗಾಡುತ್ತಿದ್ದರೆ ಊಟಕ್ಕೆ ಕೂತಾಗಲೂ ಸೋಪಿನ ವಾಸನೆ.

ಮಗಳು ದೊಡ್ಡವಳಾದಂತೆ ಲೆಕ್ಕ ಬದಲಾಯಿತು. ಬೀರು ತೆಗೆಯಬೇಕಾದರೆ ಮಂಚದ ಮೇಲಿದ್ದವರು ಕಾಲು ಎತ್ತಬೇಕು. ಅವಳು ಓದುವಾಗ ನಾನು ಕುಕ್ಕರ್ ಇಡಬಾರದು. ಬಟ್ಟೆ ಬದಲಾಯಿಸಬೇಕಾದರೆ ಅಪ್ಪ ಹೊರಗೆ ಹೋಗಿ ಬೀದಿಯಲ್ಲಿ ನಿಲ್ಲಬೇಕು. ಒಬ್ಬರು ಫೋನಿನಲ್ಲಿ ಮಾತಾಡಿದರೆ ಮೂವರೂ ಮಾತಾಡಿದಂತೆ. ಹೀಗೇ ಹೊಂದಿಸಿಕೊಂಡು ಇದ್ದೆವು. ಅವಳು ಎಂಟನೇ ಕ್ಲಾಸಿಗೆ ಬಂದ ವರ್ಷ ನನ್ನ ಅತ್ತೆ ಬಿದ್ದರು.

ಬಿದ್ದದ್ದು ನಮ್ಮ ಮನೆಯಲ್ಲಲ್ಲ. ನನ್ನ ನಾದಿನಿ, ಅಂದರೆ ನಮ್ಮ ಮನೆಯವರ ತಂಗಿ, ಕೆಂಪಾಪುರದಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿದ್ದಾಳೆ. ಅವಳ ಮಗುವಿನ ಹೆಸರಿಡುವ ಕಾರ್ಯಕ್ಕೆಂದು ಅತ್ತೆ ವಿಜಯಪುರದಿಂದ ಬಂದಿದ್ದರು. ಅಲ್ಲಿ ಕಿರಿಯ ಮಗನ ಜೊತೆ ಇರುವವರು. ಕಾರ್ಯವೆಲ್ಲ ಮುಗಿದ ಮರುದಿನ ಬೆಳಿಗ್ಗೆ ಒದ್ದೆ ಟೈಲ್ಸ್ ಮೇಲೆ ಕಾಲು ಜಾರಿ ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು. ಒಳಗೆ ರಾಡು ಹಾಕಿದರು. ಹತ್ತು ದಿನದ ಮೇಲೆ ನಾದಿನಿ ಅವರನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಒಂದು ರೂಮು ಪೂರ್ತಿ ಅವರಿಗೇ ಬಿಟ್ಟಳು. ಹೊಸ ಮಂಚ, ವಾಕರ್, ಟಿವಿ, ನೋಡಿಕೊಳ್ಳಲು ಒಬ್ಬ ಹೆಂಗಸು. ಅವಳು ಏನೂ ಕಡಿಮೆ ಮಾಡಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆದರೆ ಅತ್ತೆ ಏಳಲೇ ಇಲ್ಲ. ಪ್ರತಿ ಭಾನುವಾರ ನಾವು ಹೋದಾಗ ಅದೇ ಮಂಚ, ಅದೇ ಗೋಡೆ ಕಡೆ ತಿರುಗಿದ ಮುಖ. ಡಾಕ್ಟರು ನಡೆಯಬೇಕು ಅಂದಿದ್ದರು. ಆ ರೂಮಿನಲ್ಲಿ ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ನಡುವೆ ಹಿಡಿದುಕೊಳ್ಳಲು ಏನೂ ಇಲ್ಲ, ಕೆಳಗೆ ಮುಖ ಕಾಣುವಂಥ ಹೊಳೆಯುವ ನೆಲ. ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟವರು ನಡುಗುತ್ತಾ ವಾಪಸ್ ಕೂತುಬಿಡುತ್ತಿದ್ದರು. ಊಟ ಕಡಿಮೆಯಾಯಿತು. ಒಂದೂವರೆ ತಿಂಗಳಾದ ಮೇಲೆ ಒಂದು ಭಾನುವಾರ ನಾನು ತಟ್ಟೆ ಎತ್ತಿಕೊಳ್ಳಲು ಹೋದಾಗ ನನ್ನ ಕೈ ಹಿಡಿದುಕೊಂಡರು.

"ನನ್ನ ನಿನ್ನ ಮನಿಗೆ ಕರ್ಕೊಂಡ ಹೋಗು."

ಮಗನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು. ನನಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ನಾದಿನಿಯೇ ಉತ್ತರ ಕೊಟ್ಟಳು. "ಅವರ ಮನಿ ನೋಡಿಲ್ಲೇನು ಅವ್ವಾ? ಕಾಲ ಚಾಚಾಕ ಜಾಗ ಇಲ್ಲ ಅಲ್ಲಿ."

"ಕಾಲ ಚಾಚಿಕೊಂಡ ಬಿದ್ದು ಒಂದೂವರಿ ತಿಂಗಳಾತು," ಅಂದರು ಅತ್ತೆ. "ಇನ್ನ ಮಡಚೂದು ಕಲೀಬೇಕಲ್ಲ."

ಮುಂದಿನ ವಾರ ಕರೆತಂದೆವು. ಮಂಚ ಅವರಿಗೆ. ಬಚ್ಚಲಲ್ಲಿ ಕೆಳಗೆ ಕೂರುವ ಕಕ್ಕಸು, ಅದರ ಮೇಲೆ ಇಡಲು ನಡುವೆ ತೂತಿರುವ ಕುರ್ಚಿ ತಂದೆವು. ನಾವು ಮೂವರು ನೆಲದ ಮೇಲೆ, ಉಳಿದ ಜಾಗದಲ್ಲಿ, ಒಬ್ಬರು ಹೊರಳಿದರೆ ಮೂವರೂ ಹೊರಳುವ ಹಾಗೆ. ನಮ್ಮ ಮನೆಯವರಿಗೆ ಸೆಕೆಂಡ್ ಶಿಫ್ಟ್ ಇತ್ತು, ಮಧ್ಯಾಹ್ನ ಒಂದರವರೆಗೆ ತಾಯಿಯ ಜೊತೆ ಇರುತ್ತಿದ್ದರು. ಆಮೇಲೆ ಮಗಳು ಶಾಲೆಯಿಂದ ಬರುವವರೆಗೆ ಚಾಚಿ ಆಗಾಗ ಇಳಿದು ಬಂದು ನೋಡುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ಹಿಂದೆ ಏನೋ ಉಜ್ಜಿದ ಸದ್ದಾಯಿತು. ತಿರುಗಿದರೆ ಅತ್ತೆ ನಿಂತಿದ್ದಾರೆ. ವಾಕರ್ ಇಲ್ಲ. ಎಡಗೈ ಗೋಡೆಯ ಮೇಲೆ, ಬಲಗೈ ಫ್ರಿಜ್ ಮೇಲೆ. ಒಂದು ಹೆಜ್ಜೆ ಇಟ್ಟರು, ಬಲಗೈ ಬೀರುವಿಗೆ ಹೋಯಿತು. ಇನ್ನೊಂದು ಹೆಜ್ಜೆ, ಅಡುಗೆಮನೆಯ ಚೌಕಟ್ಟು. ಆಮೇಲೆ ನನ್ನ ಭುಜ. ಮಂಚದಿಂದ ಬಚ್ಚಲಿಗೆ ಐದು ಹೆಜ್ಜೆ, ಐದಕ್ಕೂ ಹಿಡಿಯಲು ಏನಾದರೊಂದು ಇತ್ತು. ಹಿಟ್ಟಿನ ಕೈಯಲ್ಲೇ ಹಿಡಿದುಕೊಳ್ಳಲು ಹೋದೆ. "ಬಿಡು, ಬೀಳಾಕ ಇಲ್ಲಿ ಜಾಗ ಎಲ್ಲೈತಿ?" ಅಂದರು.

ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋ ಹುಡುಗಿ ಮೊದಲ ದಿನ ಮನೆ ನೋಡಿ ಮುಖ ಹುಳ್ಳಗೆ ಮಾಡಿದ್ದಳು. ತಿಂಗಳಾದ ಮೇಲೆ ಅವಳೇ, "ಆಂಟಿ, ನಿಮ್ಮನೇಲಿ ಹ್ಯಾಂಡ್‌ರೈಲೇ ಬೇಡ ಕಣ್ರೀ, ಮನೆನೇ ಹ್ಯಾಂಡ್‌ರೈಲು," ಅಂದಳು. ಅತ್ತೆ ದಿನಕ್ಕೆ ಇಪ್ಪತ್ತು ಸಲ ಆ ಐದು ಹೆಜ್ಜೆ ನಡೆದರು. ಊಟ ಸೇರತೊಡಗಿತು. ಒಲೆ ಮೇಲೆ ಏನಿದೆ ಎಂದು ಮಂಚದಿಂದಲೇ ಕಾಣುತ್ತಿದ್ದರಿಂದ ಉಪ್ಪು ಹಾಕಿದೆಯಾ, ಉರಿ ಸಣ್ಣ ಮಾಡು ಎಂದು ಹೇಳುವ ಉತ್ಸಾಹವೂ ಬಂತು. ಚಾಚಿ ಬಂದರೆ ಇಬ್ಬರೂ ದಖನಿ ಉರ್ದುವಿನಲ್ಲಿ ಮಾತಿಗೆ ಕೂರುತ್ತಿದ್ದರು. ವಿಜಯಪುರದಲ್ಲಿ ಅತ್ತೆಯ ತವರಿನ ಓಣಿಯಲ್ಲಿ ಅರ್ಧ ಮನೆಗಳಲ್ಲಿ ಅದೇ ಭಾಷೆ. "ಪಾಂವ್ ಕೈಸಾ ಹೈ ಅಮ್ಮಾ?" ಎಂದು ಚಾಚಿ ಕಾಲಿನ ಸುದ್ದಿ ಕೇಳಿದರೆ ಅತ್ತೆ ಕಾಲು ಬಿಟ್ಟು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು.

ಇದೆಲ್ಲ ಒಂದು ಕಡೆ. ಇನ್ನೊಂದು ಕಡೆಯನ್ನೂ ಹೇಳಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಹಾ ಲೋಟ ಹಿಡಿದು ಮಂಚದ ತುದಿಯಲ್ಲಿ ಕೂತು ಕಿಟಕಿ ಹೊರಗೆ ನೋಡುವ ಅರ್ಧ ಗಂಟೆ ನನ್ನದಾಗಿತ್ತು. ಆ ಮನೆಯಲ್ಲಿ ನನಗೆಂದು ಇದ್ದ ರೂಮು ಅಂದರೆ ಆ ಅರ್ಧ ಗಂಟೆ. ಅತ್ತೆ ಬಂದ ಮೇಲೆ ಅದು ಹೋಯಿತು. ನಾನು ಎದ್ದ ಕೂಡಲೇ ಅವರೂ ಏಳುತ್ತಿದ್ದರು, ಎದ್ದ ಕೂಡಲೇ ಮಾತು. ಮಗಳು ಓದುವುದನ್ನು ಮೆಟ್ಟಿಲ ಮೇಲೆ ಶುರು ಮಾಡಿದಳು. "ಅಮ್ಮಾ, ನಂಗೆ ಇಲ್ಲಿ ಏನೂ ತಲೆಗೆ ಹೋಗ್ತಿಲ್ಲ. ಅಜ್ಜಿ ಸುಮ್ನೆ ಇದ್ರೂ ನೋಡ್ತಾನೇ ಇರ್ತಾರೆ," ಅಂದಳು. ನಮ್ಮ ಮನೆಯವರ ಜೊತೆ ಜಗಳ ಆಡಬೇಕಾದರೂ ಪಿಸುಮಾತಿನಲ್ಲಿ. ಪಿಸುಮಾತಿನ ಜಗಳ ಮುಗಿಯುವುದೇ ಇಲ್ಲ, ಒಂದು ಸಲ ಜೋರಾಗಿ ಅಂದುಬಿಟ್ಟರೆ ಮುಗಿಯುವಂಥದು ವಾರಗಟ್ಟಲೆ ಎಳೆಯುತ್ತದೆ.

ಮೂರನೇ ತಿಂಗಳಲ್ಲಿ ಒಂದು ಎರಡನೇ ಶನಿವಾರ. ನನಗೆ ರಜೆ. ಮಧ್ಯಾಹ್ನ ನಮ್ಮ ಮನೆಯವರು ಶಿಫ್ಟಿಗೆ ಹೋಗಿದ್ದರು, ಮಗಳು ಟ್ಯೂಷನ್ನಿಗೆ. ಅತ್ತೆ ಸ್ನಾನಕ್ಕೆ ಹೋದರು. ಒಳಗೆ ನಲ್ಲಿ ಜೋರಾಗಿ ಬಿಟ್ಟುಕೊಂಡಿದ್ದರು, ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಆಗ ಬಾಗಲಕೋಟೆಯಿಂದ ನನ್ನ ಅಕ್ಕನ ಫೋನು ಬಂತು. ಹ್ಯಾಂಗಿದ್ದೀ ಅಂದಳು. ಬಹಳ ದಿನದಿಂದ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.

"ನನಗ ಸಾಕಾಗೇತಿ ಅಕ್ಕಾ," ಅಂದೆ. "ಉಸಿರಾಡಾಕ ಜಾಗ ಇಲ್ಲ. ಇದು ಮನಿ ಅಲ್ಲ, ದವಾಖಾನಿ ಆಗೇತಿ. ಅತ್ತಿ ಯಾವಾಗ ಹೋಗ್ತಾರೋ, ನನ್ನ ಮನಿ ನನಗ ಯಾವಾಗ ಸಿಗ್ತೈತೋ."

ಮಾತಿನ ನಡುವೆ ಎಲ್ಲೋ ನೀರಿನ ಸದ್ದು ನಿಂತುಹೋಗಿತ್ತು. ಎಲ್ಲಿ ನಿಂತಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಬಚ್ಚಲಿನ ತಗಡಿನ ಬಾಗಿಲು ನನ್ನಿಂದ ನಾಲ್ಕು ಅಡಿ ದೂರದಲ್ಲಿತ್ತು. ನಾನು ಫೋನು ಕಿವಿಯಿಂದ ತೆಗೆದೆ. ಅಕ್ಕ ಆ ಕಡೆ ಹಲೋ ಹಲೋ ಅನ್ನುತ್ತಿದ್ದಳು. ಒಳಗಿನಿಂದ ಅತ್ತೆಯ ದನಿ ಬಂತು. ಎಂದಿನ ದನಿಯೇ.

"ನೀರ ನಿಂತೈತಿ ನೋಡವ್ವಾ."

ಟ್ಯಾಂಕು ಖಾಲಿಯಾಗಿತ್ತು. ನಾನು ಮೇಲೆ ಹೋಗಿ ಚಾಚಿಗೆ ಹೇಳಿ ಮೋಟರ್ ಹಾಕಿಸಿದೆ. ಅಡುಗೆಮನೆಯ ಡ್ರಮ್ಮಿನಿಂದ ಒಂದು ಬಕೆಟ್ ನೀರು ತುಂಬಿಕೊಂಡು ಬಚ್ಚಲ ಬಾಗಿಲು ತಟ್ಟಿದೆ. ಬಾಗಿಲು ಸ್ವಲ್ಪ ತೆರೆಯಿತು. ಸೋಪಿನ ನೊರೆ ಹತ್ತಿದ ಕೈಯೊಂದು ಬಂದು ಬಕೆಟ್ ಎಳೆದುಕೊಂಡಿತು. ಮುಖ ನಾನು ನೋಡಲಿಲ್ಲ.

ವಯಸ್ಸಾದವರ ವಿಷಯದಲ್ಲಿ ಹೋಗುವುದು ಅನ್ನುವ ಮಾತಿಗೆ ಇನ್ನೊಂದು ಅರ್ಥ ಇದೆ. ಅದು ನನಗೆ ಹೊಳೆದದ್ದು ಅವರು ಸ್ನಾನ ಮುಗಿಸಿ ಬಂದು ತಲೆ ಒರೆಸಿಕೊಳ್ಳುತ್ತಾ ಮಂಚದ ಮೇಲೆ ಕೂತಾಗ. ಏನಾದರೂ ಹೇಳೋಣ ಎಂದು ಬಾಯಿ ತೆಗೆದರೆ ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆಯ ಸೀರೆಗಳೆಲ್ಲ ಮಡಚಿ ಬ್ಯಾಗಿಗೆ ಸೇರಿದ್ದವು. ಮಗನಿಗೆ ಹೇಳಿದ್ದು ಇಷ್ಟೇ: "ತಂಗಿಗೆ ಫೋನ್ ಹಚ್ಚು. ನಾ ಅಲ್ಲೇ ಹೋಗತೀನಿ. ಇಲ್ಲಿ ಹುಡುಗಿಗೆ ಓದಾಕ ತ್ರಾಸ ಆಗತೈತಿ." ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಈರುಳ್ಳಿ ಹೆಚ್ಚಿದೆ. ನಾದಿನಿ ತನ್ನ ಗಂಡನ ಮನೆಯವರ ಜೊತೆ ಊರಿಗೆ ಹೋಗಿದ್ದಳು, ಬುಧವಾರ ಬಂದು ಕರೆದುಕೊಂಡು ಹೋಗುತ್ತೇನೆ ಅಂದಳು. ಅಂದರೆ ಇನ್ನು ಮೂರು ದಿನ.

ಮೂರು ದಿನ ಮಾತು ಬಿಟ್ಟಿರಬೇಕಾದರೆ ದೊಡ್ಡ ಮನೆ ಬೇಕು. ನಾದಿನಿಯ ಫ್ಲ್ಯಾಟಿನಲ್ಲಾದರೆ ನಾನು ಒಂದು ರೂಮಿನಲ್ಲಿ, ಅವರು ಒಂದು ರೂಮಿನಲ್ಲಿ, ಮೂರು ತಿಂಗಳಾದರೂ ಬಿಟ್ಟಿರಬಹುದಿತ್ತು. ನಮ್ಮ ಮನೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಯಾರನ್ನಾದರೂ ಸರಿಯಿರಿ ಅನ್ನಲೇಬೇಕು. ಮಂಚದ ಮೇಲೆ ಕೂತಿದ್ದ ಅವರ ಕಾಲು ಬೀರುವಿಗೆ ಅಡ್ಡ. "ಸ್ವಲ್ಪ ಕಾಲ ತಗೀರಿ ಅತ್ತಿ." ತೆಗೆದರು. ಸ್ವಲ್ಪ ಹೊತ್ತಿಗೆ ಅವರು ಬಚ್ಚಲಿಗೆ ಹೊರಟರು, ನಾನು ದಾರಿಯಲ್ಲಿ ಒಲೆ ಮುಂದೆ. "ಸರಿ ಜರಾ." ಸರಿದೆ. ಅವರ ಕೈ ರೂಢಿಯಂತೆ ನನ್ನ ಭುಜಕ್ಕೆ ಬಂದಿತು, ಅಲ್ಲಿಂದ ತಕ್ಷಣ ತೆಗೆದು ಗೋಡೆಗೆ ಹಚ್ಚಿದರು. ಆ ಕೈ ತೆಗೆದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಸೋಮವಾರ ನಾನು ಕಾಲೇಜಿಗೆ ರಜೆ ಹಾಕಿದೆ. ನಮ್ಮ ಮನೆಯವರು ಶಿಫ್ಟಿಗೆ ಹೊರಟ ಮೇಲೆ ಅವರ ಎದುರು ನೆಲದ ಮೇಲೆ ಕೂತೆ. ಎದುರು ಅಂದರೆ ಅವರ ಮೊಣಕಾಲು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ, ಬೇರೆ ಜಾಗ ಇರಲಿಲ್ಲ.

"ಅತ್ತಿ, ಮೊನ್ನೆ ನಾ ಅಂದದ್ದು ತಪ್ಪಾತ್ರಿ. ಹೋಗೂದು ಅಂದ್ರ ನಾ ಕೆಂಪಾಪುರಕ್ಕ ಹೋಗೂದು ಅಂತ ಅಂದದ್ದು. ಬ್ಯಾರೆ ಅಲ್ಲ."

ಅವರು ನನ್ನನ್ನೇ ನೋಡಿದರು. "ಅಷ್ಟ ದೂರದ್ದಲ್ಲ ಅಂತೀ," ಅಂದರು. ಅಂದವರ ತುಟಿ ಸ್ವಲ್ಪ ಅಲುಗಿತು. ನಗುವೋ ಏನೋ ತಿಳಿಯಲಿಲ್ಲ. ನಾನು ಅಳಲು ಶುರು ಮಾಡಿದೆ.

"ಅಳಬ್ಯಾಡ. ನಾ ನಮ್ಮ ಅತ್ತಿಗೆ ಇದಕ್ಕಿಂತ ಕೆಟ್ಟ ಅಂದೀನಿ. ಒಂದ ಸಲ ಅಲ್ಲ, ನೂರ ಸಲ. ನಮ್ಮ ಮನಿ ದೊಡ್ಡದಿತ್ತು, ಆಕಿಗೆ ಕೇಳಿಸಲಿಲ್ಲ." ಹಾಗೇ ಮುಂದುವರಿಸಿದರು. "ಆದ್ರ ಮರತೀನಿ ಅಂತ ಹೇಳೂದಿಲ್ಲ ನೋಡ ನಾ. ಕಿವಿಗೆ ಬಿದ್ದದ್ದು ಬಿತ್ತು."

ಅವರು ಮರೆತೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಇದನ್ನು ನಂಬಿದೆ. ಆಮೇಲೆ ಇಬ್ಬರೂ ಚಹಾ ಕುಡಿದೆವು. ನಿನಗೆ ಏನು ತ್ರಾಸ ಆಗಿದೆ ಸರಿಯಾಗಿ ಹೇಳು ಅಂದರು. ಬೆಳಗಿನ ಅರ್ಧ ಗಂಟೆಯ ಮಾತು ಹೇಳುವಾಗ ನನಗೇ ನಾಚಿಕೆಯಾಯಿತು, ಅಷ್ಟು ಸಣ್ಣ ವಿಷಯ. ಮಗಳ ಓದಿನದೂ ಹೇಳಿದೆ. ಅವರು ಯಾವುದಕ್ಕೂ ಎದುರಾಡಲಿಲ್ಲ, ಹೂಂ ಅನ್ನುತ್ತಾ ಕೇಳಿದರು. ಬುಧವಾರ ನಾದಿನಿ ಬಂದಾಗ ಬ್ಯಾಗು ಬಿಚ್ಚಿಯಾಗಿತ್ತು. "ಏನಾತು ಅವ್ವಾ, ಬರ್ತೀನಿ ಅಂದಿದ್ದಿ?" ಅಂದಳು. "ಕಾಲ ಇನ್ನೂ ಪೂರಾ ಬಂದಿಲ್ಲ," ಅಂದರು ಅತ್ತೆ. ನಾದಿನಿಗೆ ಬೇಸರವಾಯಿತು, ನಾವು ಏನೋ ಮಾಡಿ ಹಿಡಿದಿಟ್ಟುಕೊಂಡಿದ್ದೇವೆ ಅನ್ನುವಂತೆ ನೋಡಿದಳು. ಆದದ್ದನ್ನು ನಾನು ಹೇಳಲಿಲ್ಲ. ಅತ್ತೆಯೂ ಹೇಳಲಿಲ್ಲ.

ಅಂದಿನಿಂದ ಬೆಳಿಗ್ಗೆ ನಾನು ಎದ್ದರೆ ಅತ್ತೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಎಚ್ಚರವಾಗಿದ್ದಾರೆ ಎಂದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತು. ನಾನು ಮಂಚದ ತುದಿಯಲ್ಲಿ ಅವರ ಪಾದದ ಪಕ್ಕ ಕೂತು ಚಹಾ ಮುಗಿಸಿ ಲೋಟ ತೊಳೆದ ಮೇಲೇ ಅವರು ಹೊರಳುವುದು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮನೆ ಮಗಳದು ಎಂದು ಅವರೇ ತೀರ್ಮಾನ ಮಾಡಿದರು. ಆ ಹೊತ್ತಿಗೆ ತಾವು ಚಾಚಿಯ ಮನೆಗೆ ಹೋಗಬೇಕು, ಅಂದರೆ ಮೆಟ್ಟಿಲು ಹತ್ತಬೇಕು. ಹದಿನೇಳು ಮೆಟ್ಟಿಲು. ಎರಡೂ ಕಡೆ ಗೋಡೆ, ಅಗಲ ಎರಡೂವರೆ ಅಡಿ. ಮೊದಲ ದಿನ ನಾಲ್ಕು ಹತ್ತಿ ಅಲ್ಲೇ ಕೂತರು. ಚಾಚಿ ಕೆಲಸ ಬಿಟ್ಟು ಬಂದು ಮೇಲಿನ ಮೆಟ್ಟಿಲ ಮೇಲೆ ಕೂತರು. ಹಾಗೇ ಮೆಟ್ಟಿಲ ಮೇಲೇ ಒಂದು ವಾರ ಮಾತುಕತೆ ನಡೆಯಿತು, ದಿನಕ್ಕೆರಡು ಮೆಟ್ಟಿಲು ಮೇಲೆ ಏರುತ್ತಾ. ಎರಡನೇ ವಾರ ಚಾಚಿಯ ಮನೆ ಮುಟ್ಟಿದರು. ಆ ವರ್ಷ ಚಾಚಿ ಹೊಲಿದ ಎಷ್ಟೋ ಬ್ಲೌಸುಗಳಿಗೆ ಹುಕ್ಕು ಹಾಕಿದ್ದು ನಮ್ಮ ಅತ್ತೆ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ನೆಲದ ಮೇಲೆ ಮಲಗಿ ನಮ್ಮ ಮನೆಯವರ ಬೆನ್ನು ಹಿಡಿದುಕೊಂಡಿತು. ಮಗಳಿಗೆ ಅರ್ಧವಾರ್ಷಿಕದಲ್ಲಿ ಗಣಿತ ಕೈಕೊಟ್ಟಿತು, ಅದಕ್ಕೆ ಅವಳು ಮನೆಯನ್ನೇ ಬೈದಳು, ಅವಳದು ಪೂರ್ತಿ ತಪ್ಪೂ ಅಲ್ಲ. ಗೆಳತಿಯರನ್ನು ಒಬ್ಬಳನ್ನೂ ಮನೆಗೆ ಕರೆಯುತ್ತಿರಲಿಲ್ಲ. ನಾನು ಮತ್ತೆ ಎಷ್ಟೋ ಸಲ ರೇಗಿದೆ. ರೇಗಿದ್ದನ್ನು ಮುಖದ ಮೇಲೇ ರೇಗಿದೆ, ಅಷ್ಟೇ ವ್ಯತ್ಯಾಸ.

ಏಳು ತಿಂಗಳಾದ ಮೇಲೆ ನನ್ನ ಮೈದುನ ಬಂದು ಅತ್ತೆಯನ್ನು ವಿಜಯಪುರಕ್ಕೆ ಕರೆದುಕೊಂಡು ಹೋದ. ಯಶವಂತಪುರ ಸ್ಟೇಷನ್ನಿನಲ್ಲಿ ಅವರು ಕೋಲೂರಿಕೊಂಡು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದರು. ಗಂಡಸರಿಬ್ಬರೂ ಬ್ಯಾಗು ಹೊತ್ತು ಮುಂದೆ ಹೋಗುತ್ತಿದ್ದರು. ನಾನು ಪಕ್ಕದಲ್ಲಿದ್ದೆ.

"ನಿನ್ನ ಮನ್ಯಾಗ ಒಂದ ತ್ರಾಸ ಐತಿ ನೋಡ," ಅಂದರು. "ಅಳಾಕ ಜಾಗ ಇಲ್ಲ. ಬಚ್ಚಲದಾಗ ನಲ್ಲಿ ಬಿಟ್ಟುಕೊಂಡು ಅತ್ತರೂ ಕೇಳತೈತಿ."

"ನೀವು ಅಳತಿದ್ರೀ ಅತ್ತಿ?"

"ನಾ ಎಲ್ಲಿ? ನೀ."

ನಲ್ಲಿ ಬಿಟ್ಟರೆ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ರೈಲು ಬಂತು. ಹತ್ತುವಾಗ ಒಂದು ಕೈ ಕಂಬಿಗೆ, ಇನ್ನೊಂದು ನನ್ನ ಭುಜಕ್ಕೆ ಕೊಟ್ಟು ಮೇಲೆ ಹೋದರು.

ಮುಂದಿನ ವರ್ಷ ನಾವು ಚಿಕ್ಕಬಾಣಾವರಕ್ಕೆ ಬಂದೆವು. ಎರಡು ಬೆಡ್‌ರೂಮು, ಒಂದು ಹಾಲು, ಬಟ್ಟೆ ಒಣಹಾಕಲು ಬೇರೆ ಜಾಗ. ನನಗೆ ಬಸ್ಸಿನಲ್ಲಿ ಓಡಾಟ ಜಾಸ್ತಿಯಾಗಿದೆ, ಗುಡಿಸಿ ಒರೆಸುವುದಕ್ಕೆ ಮುಕ್ಕಾಲು ಗಂಟೆ ಬೇಕು, ಕನ್ನಡಕ ಎಲ್ಲಿಟ್ಟೆ ಎಂದು ಮೂರು ಕಡೆ ಹುಡುಕುತ್ತೇನೆ. ಹಳೇ ಮನೆಗೆ ವಾಪಸ್ ಹೋಗುತ್ತೀಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ, ಯೋಚನೆ ಮಾಡದೇ ಅನ್ನುತ್ತೇನೆ. ಮೊದಲ ವಾರ ಮಗಳು ತನ್ನ ರೂಮು ಬಿಟ್ಟು ನಮ್ಮ ರೂಮಿನಲ್ಲೇ ಮಲಗಿದಳು, ನಿದ್ದೆ ಬರಲ್ಲ ಎಂದು. ಎರಡನೇ ವಾರದಿಂದ ಬಾಗಿಲು ಹಾಕಿಕೊಂಡಳು. ಮೊನ್ನೆ ನಾನು ಎಂದಿನಂತೆ ನುಗ್ಗಿದ್ದಕ್ಕೆ, "ಅಮ್ಮಾ, ತಟ್ಟಿ ಬರ್ಬೇಕು," ಅಂದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ, ತಟ್ಟಿದೆ, ಒಳಗಿನಿಂದ ದನಿ ಬರುವವರೆಗೆ ನಿಂತಿದ್ದೆ. ಇನ್ನೂ ಒಮ್ಮೊಮ್ಮೆ ಮರೆಯುತ್ತದೆ.